ಕಾಗದವಿಲ್ಲದವರ ಸೀಮೆಯಲ್ಲಿ ಹೊರಗಿನವರ ಮಾತು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಅಡಿಕೆ ಕೊಯ್ಲು ಶುರುವಾಯಿತೆಂದರೆ ಎರಡು ದೂರುಗಳು ಜೊತೆಜೊತೆಯಾಗಿ ಕೇಳಿಬರುತ್ತವೆ. ಆಳು ಸಿಗುತ್ತಿಲ್ಲ ಎನ್ನುವುದು ಒಂದು; ಎಲ್ಲಿ ನೋಡಿದರೂ ಹೊರಗಿನವರೇ ತುಂಬಿಕೊಂಡಿದ್ದಾರೆ ಎನ್ನುವುದು ಇನ್ನೊಂದು. ಎಷ್ಟೋ ಸಲ ಎರಡೂ ಒಂದೇ ಜಗಲಿಯಲ್ಲಿ, ಒಂದೇ ಬಾಯಿಂದ ಬರುತ್ತವೆ. ಅಸ್ಸಾಂ, ಪಶ್ಚಿಮ ಬಂಗಾಳ, ಬಿಹಾರ, ಜಾರ್ಖಂಡ್‌ಗಳಿಂದ ಬಂದ ಹುಡುಗರು ಈಗ ಇಲ್ಲಿ ಬಸಿಗಾಲುವೆ ತೋಡುತ್ತಾರೆ, ಗೊಬ್ಬರ ಹೊರುತ್ತಾರೆ, ಪೇಟೆಯಲ್ಲಿ ಸೆಂಟ್ರಿಂಗ್ ಕಟ್ಟುತ್ತಾರೆ, ಹೋಟೆಲಿನ ಒಳಮನೆಯಲ್ಲಿ ಪಾತ್ರೆ ತೊಳೆಯುತ್ತಾರೆ. ಅವರ ಮೇಲಿನ ಮಾತು ಮೊದಲು ಕೂಲಿಯ ದರದ ಸುತ್ತ ಇತ್ತು. ಈಗ ಅದು ಇವರು ಈ ದೇಶದವರು ಹೌದೋ ಅಲ್ಲವೋ ಎಂಬಲ್ಲಿಗೆ ಬಂದು ಮುಟ್ಟಿದೆ.

ಈ ಪ್ರಶ್ನೆ ಮಲೆನಾಡಿನ ತೋಟದಲ್ಲಿ ಹುಟ್ಟಿದ್ದಲ್ಲ, ಮೇಲಿನಿಂದ ಇಳಿದು ಬಂದದ್ದು. 2019ರ ಆಗಸ್ಟ್ 31ರಂದು ಅಸ್ಸಾಮಿನ ರಾಷ್ಟ್ರೀಯ ಪೌರತ್ವ ನೋಂದಣಿಯ ಅಂತಿಮ ಪಟ್ಟಿ ಬಂದು 19 ಲಕ್ಷಕ್ಕೂ ಹೆಚ್ಚು ಜನ ಹೊರಗುಳಿದರು. ಅದೇ ವರ್ಷ ಕರ್ನಾಟಕದಲ್ಲೂ ಅಂಥ ನೋಂದಣಿ ನಡೆಸುವ ಬಗ್ಗೆ ಆಗಿನ ಗೃಹ ಸಚಿವ ಬಸವರಾಜ ಬೊಮ್ಮಾಯಿ ಮಾತಾಡಿದರು. ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ವಿದೇಶಿಯರ ಬಂಧನ ಕೇಂದ್ರ ಸಿದ್ಧವಾಯಿತು. ಡಿಸೆಂಬರಿನಲ್ಲಿ ಪೌರತ್ವ ತಿದ್ದುಪಡಿ ಕಾಯ್ದೆ ಬಂತು. 2021ರ ಆಗಸ್ಟ್‌ನಿಂದ 2023ರ ಮೇವರೆಗೆ ಗೃಹ ಖಾತೆ ತೀರ್ಥಹಳ್ಳಿಯ ಶಾಸಕ ಆರಗ ಜ್ಞಾನೇಂದ್ರರ ಕೈಯಲ್ಲಿದ್ದುದರಿಂದ ರಾಜ್ಯದ ಭದ್ರತೆಯ ಭಾಷೆ ಈ ಸೀಮೆಗೆ ಮನೆಯ ಮಾತಿನಷ್ಟು ಹತ್ತಿರವಾಯಿತು.

ಜಗತ್ತಿನ ಬೇರೆ ಕಡೆಯೂ ಗಾಳಿ ಹೀಗೇ ಬೀಸುತ್ತಿದೆ. 1968ರಲ್ಲಿ ಬರ್ಮಿಂಗ್‌ಹ್ಯಾಮಿನಲ್ಲಿ ಇನಾಕ್ ಪೊವೆಲ್ ವಲಸಿಗರ ವಿರುದ್ಧ ಮಾಡಿದ ಭಾಷಣಕ್ಕೆ ಅವರ ಪಕ್ಷವೇ ಅವರನ್ನು ನೆರಳು ಸಂಪುಟದಿಂದ ಕೈಬಿಟ್ಟಿತ್ತು. 2016ರ ಬ್ರೆಕ್ಸಿಟ್ ಜನಮತಗಣನೆಯ ಹೊತ್ತಿಗೆ ಅದೇ ಬಗೆಯ ಆತಂಕ ಒಂದು ದೇಶದ ದಿಕ್ಕನ್ನೇ ಬದಲಿಸಿತು. ಟ್ರಂಪ್ 2025ರಲ್ಲಿ ಎರಡನೆಯ ಸಲ ಅಧಿಕಾರಕ್ಕೆ ಬಂದ ದಿನವೇ ಹುಟ್ಟಿನಿಂದ ಸಿಗುವ ಪೌರತ್ವವನ್ನು ಮಿತಗೊಳಿಸುವ ಆದೇಶ ಹೊರಡಿಸಿದರು, ಸೆಪ್ಟೆಂಬರಿನಲ್ಲಿ ಹೊಸ ಎಚ್-1ಬಿ ವೀಸಾ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಘೋಷಿಸಿದರು. ಆ ಸುದ್ದಿಗೆ ನಮ್ಮ ತೋಟದ ಮನೆಗಳೂ ಬೆಚ್ಚಿದವು. ಅಮೆರಿಕದಲ್ಲಿ ಮಗನೋ ಮಗಳೋ ಇರುವ ಅಪ್ಪ ಅಮ್ಮಂದಿರು ಈ ಮೂರು ತಾಲ್ಲೂಕುಗಳಲ್ಲಿ ಕಡಿಮೆಯಿಲ್ಲ. ಅಲ್ಲಿ ನಮ್ಮ ಮಕ್ಕಳನ್ನು ಕೆಲಸ ಕಿತ್ತುಕೊಳ್ಳುವವರೆಂದು ಬೈಯುವ ಭಾಷಣವೂ ಇಲ್ಲಿ ಅಸ್ಸಾಮಿನ ಹುಡುಗನನ್ನು ಕಂಡು ಹುಟ್ಟುವ ಭಾಷಣವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವು.

ಅಚ್ಚು ಒಂದೇ ಆದರೂ ನೆಲ ಬೇರೆ. ವಲಸೆ ವಿರೋಧದ ಬಗ್ಗೆ ಭಾರತದಲ್ಲಿ ನಡೆದ ಗಟ್ಟಿ ಅಧ್ಯಯನಗಳಲ್ಲಿ ಒಂದಾದ ಮೈರನ್ ವೀನರ್ ಅವರ 1978ರ ಪುಸ್ತಕ ಅಸ್ಸಾಂ, ಹೈದರಾಬಾದ್, ಛೋಟಾ ನಾಗಪುರಗಳನ್ನು ನೋಡಿ ಒಂದು ತರ್ಕ ಮುಂದಿಟ್ಟಿತು: ಓದಿಕೊಂಡ ಸ್ಥಳೀಯರು ಬಯಸುವ ಕೆಲಸದಲ್ಲಿ ಹೊರಗಿನವರು ಮೊದಲೇ ಕುಳಿತಿದ್ದರೆ ಅಲ್ಲಿ ಮಣ್ಣಿನ ಮಕ್ಕಳ ಚಳವಳಿ ಏಳುತ್ತದೆ. 1966ರಲ್ಲಿ ಮುಂಬಯಿಯಲ್ಲಿ ಶಿವಸೇನೆ ಹುಟ್ಟಿದ್ದನ್ನು ಈ ತರ್ಕ ಚೆನ್ನಾಗಿ ವಿವರಿಸುತ್ತದೆ. ಆ ಸಿಟ್ಟಿನ ಬಿಸಿ ತಟ್ಟಿದ್ದು ದಕ್ಷಿಣದ ಗುಮಾಸ್ತರಿಗೆ, ಉಡುಪಿ ಹೋಟೆಲುಗಳಿಗೆ, ಅಂದರೆ ನಮ್ಮವರಿಗೇ. ಮಲೆನಾಡಿಗೆ ಮಾತ್ರ ಈ ತರ್ಕ ಹೊಂದುವುದಿಲ್ಲ. ಕೊನೆಗೌಡನ ಕೆಲಸ ಬೇಕೆಂದು ಕಾದು ಕುಳಿತ ಹುಡುಗ ಸಾಗರದಲ್ಲಿಲ್ಲ. ಮರ ಏರುವವರು ಸಿಗದೆಯೇ ಕಾರ್ಬನ್ ಫೈಬರ್ ದೋಟಿ ಬಂತು. ಸುಲಿಯುವವರು ಸಿಗದೆ ಯಂತ್ರ ಬಂತು. ಅದೂ ಸಾಲದೆ ಎಷ್ಟೋ ಮನೆಗಳು ಫಸಲನ್ನೇ ಚೇಣಿಗೆ ಕೊಟ್ಟು ಕೈತೊಳೆದುಕೊಂಡವು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೆಯ ಸುತ್ತಿನಲ್ಲಿ ಕರ್ನಾಟಕದ ಹೆರಿಗೆ ಪ್ರಮಾಣ ಒಬ್ಬ ಹೆಣ್ಣಿಗೆ 1.7, ಆ ಕೆಲವೇ ಮಕ್ಕಳಲ್ಲಿ ಹೆಚ್ಚಿನವರು ಪಿಯುಸಿ ಮುಗಿಯುತ್ತಲೇ ಬೆಂಗಳೂರಿನ ಬಸ್ಸು ಹತ್ತುತ್ತಾರೆ.

ಕಿತ್ತುಕೊಂಡ ಕೆಲಸವೇ ಇಲ್ಲದಲ್ಲಿ ಇಷ್ಟು ಸಿಟ್ಟು ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ಹೊರಗಿನವರ ಕಡೆಗಲ್ಲ, ಇಲ್ಲಿಯವರ ಕಡೆಗೇ ನೋಡಬೇಕು ಎಂಬುದು ನನ್ನ ಅಭಿಪ್ರಾಯ.

ಮೊದಲು ಹಳೆಯ ಸಂಗತಿ. ಈ ಸೀಮೆ ಯಾವ ಕಾಲದಲ್ಲೂ ತನ್ನ ಕೆಲಸವನ್ನು ತಾನೊಂದೇ ಮಾಡಿಕೊಂಡದ್ದಲ್ಲ. ಕುವೆಂಪು ಅವರ ‘ಕಾನೂರು ಹೆಗ್ಗಡಿತಿ’ ಓದಿದವರಿಗೆ ಸೇರೆಗಾರ ರಂಗಪ್ಪಸೆಟ್ಟಿ ನೆನಪಿರುತ್ತಾನೆ. ಘಟ್ಟದ ಕೆಳಗಿನಿಂದ ಆಳುಗಳನ್ನು ಕಲೆಹಾಕಿ ತಂದು ಒಡೆಯರ ಗದ್ದೆ ತೋಟಗಳಿಗೆ ಒದಗಿಸುವುದು ಸೇರೆಗಾರನ ಕಸುಬು. ಮುಂಗಡ ಸಾಲದಲ್ಲಿ ಸಿಕ್ಕಿಬಿದ್ದು, ಮಲೇರಿಯಾದಲ್ಲಿ ನಡುಗುತ್ತ ದುಡಿದ ಆ ಜನರ ಮನೆಮಾತು ತುಳು. ಅವರ ದೈವಗಳೂ ಬೇರೆ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಐತ, ಪೀಂಚಲು ಕೂಡ ಹಾಗೆ ಬಂದವರು. ಒಡೆಯರ ಮನೆಯವರಿಗೆ ಕೊಟ್ಟಷ್ಟೇ ಜೀವವನ್ನು ಕುವೆಂಪು ಇವರಿಗೂ ಕೊಟ್ಟರು. ಆಗುಂಬೆ, ಹುಲಿಕಲ್ ಘಟ್ಟ ಹತ್ತಿ ಬಂದವರ ಮೊಮ್ಮಕ್ಕಳು ಇವತ್ತು ತೀರ್ಥಹಳ್ಳಿ, ಹೊಸನಗರಗಳಲ್ಲಿ ಅಂಗಡಿ, ಹೋಟೆಲು, ತೋಟಗಳ ಒಡೆಯರು, ಪಂಚಾಯ್ತಿ ಸದಸ್ಯರು. ಅವರನ್ನು ಹೊರಗಿನವರೆಂದು ಕರೆಯಲು ಯಾರಿಗೂ ತೋಚುವುದಿಲ್ಲ. ಇಂದಿನ ಲೇಬರ್ ಏಜೆಂಟ್ ಅಂದಿನ ಸೇರೆಗಾರನ ಜಾಗದಲ್ಲಿ ನಿಂತಿದ್ದಾನೆ, ರೈಲು ಮಾತ್ರ ಉದ್ದವಾಗಿದೆ.

ಇನ್ನೂ ಹಿಂದೆ ಹೋದರೆ ಕೆಳದಿ. ಔರಂಗಜೇಬನ ಸೈನ್ಯ ಬೆನ್ನಟ್ಟಿದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಶ್ರಯ ಕೊಟ್ಟವಳು ಕೆಳದಿ ಚೆನ್ನಮ್ಮ. ಚೆನ್ನಮ್ಮನನ್ನು ಇಂದು ಎಲ್ಲರೂ ತಮ್ಮ ಮೆರವಣಿಗೆಯ ಮುಂದಿಟ್ಟುಕೊಳ್ಳುತ್ತಾರೆ. ಆಕೆ ಕತ್ತಿ ಹಿಡಿದದ್ದು ಓಡಿಬಂದ ಪರಸೀಮೆಯವನೊಬ್ಬನನ್ನು ಕಾಯಲು ಎಂಬುದನ್ನು ಗಟ್ಟಿಯಾಗಿ ಹೇಳಬೇಕು. ಕೊಂಕಣಿ ಮಾತಾಡುವ ವ್ಯಾಪಾರಿಗಳೂ ಕ್ರೈಸ್ತ ರೈತರೂ ಕೆಳದಿ ಅರಸರ ನೆರಳಿನಲ್ಲಿ ಬೆಳೆದವರೇ.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಮಲೆನಾಡಿನ ರಾಜಕಾರಣದಲ್ಲಿ ಬಹುಕಾಲ ‘ಹೊರಗಿನ ಶಕ್ತಿ’ ಎಂದರೆ ಕೂಲಿಯವನಾಗಿರಲಿಲ್ಲ. 1951ರ ಏಪ್ರಿಲ್ 18ರಂದು ಸಾಗರದ ಕಾಗೋಡಿನಲ್ಲಿ ಶುರುವಾದ ಸತ್ಯಾಗ್ರಹ ಗೇಣಿಯ ಭತ್ತ ಅಳೆಯುವ ಕೊಳಗದ ಅಳತೆಯ ಮೇಲೆ ಎದ್ದದ್ದು. ಎಚ್. ಗಣಪತಿಯಪ್ಪನವರಂಥವರು ದೀವರ ಗೇಣಿದಾರರನ್ನು ಸಂಘಟಿಸಿದರು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಸಾಗರ-ಹೊಸನಗರ ಕ್ಷೇತ್ರದಿಂದ ಸಮಾಜವಾದಿ ಶಾಂತವೇರಿ ಗೋಪಾಲಗೌಡರು ಗೆದ್ದರು. 1962 ಮತ್ತು 1967ರಲ್ಲಿ ತೀರ್ಥಹಳ್ಳಿಯಿಂದ. ಆ ರಾಜಕಾರಣದ ಎದುರಾಳಿ ಒಡೆಯ. ಮುಂದೆ ಆ ಜಾಗಕ್ಕೆ ಸರ್ಕಾರ ಬಂತು. 1948ರ ಹೊತ್ತಿಗೇ ಮಡೆನೂರಿನ ಹಿರೇಭಾಸ್ಕರ ಅಣೆಕಟ್ಟು ಎದ್ದಿತ್ತು; 1964ರಲ್ಲಿ ಲಿಂಗನಮಕ್ಕಿ, ಆಮೇಲೆ ಹೊಸನಗರದ ಚಕ್ರಾ, ಸಾವೆಹಕ್ಲು, 1989ರಲ್ಲಿ ವಾರಾಹಿಯ ಮಾಣಿ. ರಾಜ್ಯಕ್ಕೆ ಬೆಳಕು ಕೊಡಲು ಗದ್ದೆ, ತೋಟ, ದೇವರಬನ ಬಿಟ್ಟು ಎದ್ದು ಹೋದವರು ಈ ತಾಲ್ಲೂಕುಗಳ ಜನ. ಲಾರಿಯಲ್ಲಿ ಸಾಮಾನು ತುಂಬಿಸಿ ಕಾಡಿನಂಚಿನಲ್ಲಿ ಇಳಿಸಿಹೋದ ಸರ್ಕಾರ ಅವರ ಕೈಗೆ ಗಟ್ಟಿ ಹಕ್ಕುಪತ್ರ ಕೊಡಲಿಲ್ಲ.

ಅಲ್ಲಿಂದ ಇಲ್ಲಿಯವರೆಗೆ ಆ ಕಾಗದದ ಕತೆ ಮುಗಿದಿಲ್ಲ. ಕೇಂದ್ರದ ಒಪ್ಪಿಗೆ ಪಡೆಯದೆ ರಾಜ್ಯ ಮಾಡಿದ್ದ ಅರಣ್ಯ ಭೂಮಿ ಬಿಡುಗಡೆಯ ಆದೇಶಗಳು 2021ರಲ್ಲಿ ಹೈಕೋರ್ಟಿನ ಮುಂದೆ ನಿಲ್ಲದೆ ಬಿದ್ದುಹೋದವು. ನಾಡಿಗಾಗಿ ಮುಳುಗಿದವರು ದಾಖಲೆಯಲ್ಲಿ ಮತ್ತೆ ಒತ್ತುವರಿದಾರರಾದರು. ಬಗರ್‌ಹುಕುಂ ಸಾಗುವಳಿಯ ಸಕ್ರಮಕ್ಕೆ ಅರ್ಜಿ ಫಾರಂ 50, ಆಮೇಲೆ 53, ಆಮೇಲೆ 57. ಮನೆಯಡಿಯ ಜಾಗಕ್ಕೆ 94ಸಿ ಅರ್ಜಿ. ಅರಣ್ಯ ಹಕ್ಕು ಕಾಯ್ದೆ ಬಂದಾಗ ಆಸೆ ಮೂಡಿತ್ತು. ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು 2005ರ ಡಿಸೆಂಬರ್ 13ಕ್ಕಿಂತ ಮುಂಚೆ ಮೂರು ತಲೆಮಾರು, ಅಂದರೆ 75 ವರ್ಷ, ಅಲ್ಲಿದ್ದದ್ದನ್ನು ತೋರಿಸಬೇಕೆಂಬ ಷರತ್ತು ಆ ಆಸೆಯನ್ನು ಕಮರಿಸಿತು. ಮುಳುಗಡೆಯಿಂದ ಎದ್ದು ಬಂದವನಿಗೆ ಈಗಿನ ಜಾಗದಲ್ಲಿ 75 ವರ್ಷದ ಸಾಕ್ಷಿ ಎಲ್ಲಿಂದ ಬರಬೇಕು? ಅವನ ಸಾಕ್ಷಿ ಇರುವುದು ಶರಾವತಿಯ ನೀರಿನ ಕೆಳಗೆ.

ಅಸ್ಸಾಮಿನ ಕೂಲಿಯ ಮುಂದೆ ಇಟ್ಟಿರುವ ಪರೀಕ್ಷೆಯೂ ಇದೇ. 1971ರ ಮಾರ್ಚ್ 24ರ ಮಧ್ಯರಾತ್ರಿಗೆ ಮುಂಚೆ ಅಪ್ಪ ಅಜ್ಜ ಅಲ್ಲಿದ್ದದ್ದಕ್ಕೆ ದಾಖಲೆ ತೋರಿಸು ಎಂದು ಅವನನ್ನು ಕೇಳಲಾಯಿತು. ಬ್ರಹ್ಮಪುತ್ರಾ ನದಿ ದಡ ಕೊರೆದು ಊರನ್ನೇ ನುಂಗುವ ಸೀಮೆಗಳಿಂದ ಬಂದವರು ಅವರಲ್ಲಿ ಅನೇಕರು. ಅವರ ದಾಖಲೆಯನ್ನೂ ನೀರು ಒಯ್ದಿದೆ. 1946ರ ವಿದೇಶಿಯರ ಕಾಯ್ದೆ ತಾನು ವಿದೇಶಿಯಲ್ಲವೆಂದು ರುಜುವಾತು ಮಾಡುವ ಹೊಣೆಯನ್ನು ಆರೋಪಕ್ಕೆ ಗುರಿಯಾದವನ ಮೇಲೆಯೇ ಹಾಕಿತ್ತು. ಒತ್ತುವರಿಯ ನೋಟೀಸು ಹಿಡಿದು ತಹಶೀಲ್ದಾರ್ ಕಚೇರಿಯ ಮುಂದೆ ನಿಂತ ಹೊಸನಗರದ ರೈತನಿಗೆ ಈ ಹೊಣೆಯ ಭಾರ ಎಷ್ಟೆಂದು ಬೇರೆಯವರು ಹೇಳಿಕೊಡಬೇಕಿಲ್ಲ. ಇಬ್ಬರ ಎದುರಿಗೂ ಕುಳಿತು ಕಾಗದ ಕೇಳುತ್ತಿರುವುದು ಒಂದೇ ಸರ್ಕಾರಿ ಮೇಜು. ಇದನ್ನು ಕಾಣದಂತೆ ಮಾಡಿ, ಒಬ್ಬನ ಭಯವನ್ನು ಇನ್ನೊಬ್ಬನ ಕಡೆಗೆ ತಿರುಗಿಸಿದ್ದು ಕಳೆದ ಇಪ್ಪತ್ತು ಇಪ್ಪತ್ತೈದು ವರ್ಷಗಳ ಜನಪ್ರಿಯ ಬಲಪಂಥೀಯ ರಾಜಕಾರಣದ ಇಲ್ಲಿನ ದೊಡ್ಡ ಯಶಸ್ಸು ಎಂದು ನಾನು ತಿಳಿದಿದ್ದೇನೆ.

ಆ ಯಶಸ್ಸನ್ನು ಬರಿಯ ಮರುಳುಮಾಡುವಿಕೆ ಎಂದು ಬರೆಯುವವರ ಜೊತೆ ನಾನಿಲ್ಲ. ಸಮಾಜವಾದಿ ಚಳವಳಿಗೂ ಅದರಲ್ಲಿ ಪಾಲಿದೆ. 1974ರ ಭೂಸುಧಾರಣೆಯಿಂದ ಗೇಣಿದಾರ ಒಡೆಯನಾದ, ಗದ್ದೆಯಲ್ಲಿ ಅಡಿಕೆ ಸಸಿ ಎದ್ದಿತು, ಬದುಕು ಪೂರ್ತಿ ಅಡಿಕೆ ದರಕ್ಕೆ ಜೋತುಬಿತ್ತು. ಹೊಸ ಒಡೆಯನ ಹೊಸ ಆತಂಕಗಳಿಗೆ ಹಳೆಯ ಸಮಾಜವಾದದ ಬಳಿ ಮಾತಿರಲಿಲ್ಲ. 2004ರಲ್ಲಿ ಎಸ್. ಬಂಗಾರಪ್ಪ ಬಿಜೆಪಿ ಸೇರಿ ಲೋಕಸಭೆಗೆ ಗೆದ್ದಾಗ ಕಾಗೋಡಿನ ವಾರಸುದಾರರಾದ ದೀವರ ಸಮುದಾಯ ಮೊದಲ ಸಲ ದೊಡ್ಡ ಪ್ರಮಾಣದಲ್ಲಿ ಅತ್ತ ವಾಲಿತು. ಅದೇ ವರ್ಷದ ವಿಧಾನಸಭಾ ಚುನಾವಣೆಯಲ್ಲಿ ಸಾಗರದಲ್ಲಿ ಗೋಪಾಲಕೃಷ್ಣ ಬೇಳೂರು ಬಿಜೆಪಿಯಿಂದ ನಿಂತು ಕಾಗೋಡು ತಿಮ್ಮಪ್ಪನವರನ್ನು ಸೋಲಿಸಿದರು. 2023ರಲ್ಲಿ ಅದೇ ಬೇಳೂರು ಕಾಂಗ್ರೆಸ್ಸಿನಿಂದ ಗೆದ್ದರು. ತೀರ್ಥಹಳ್ಳಿಯಲ್ಲಿ ಆರಗ ಜ್ಞಾನೇಂದ್ರ 1994ರಿಂದ ಐದು ಸಲ ಗೆದ್ದಿದ್ದಾರೆ, ನಡುವೆ ಎರಡು ಸಲ ಕಿಮ್ಮನೆ ರತ್ನಾಕರ ಎದುರು ಸೋತಿದ್ದಾರೆ. ಅಂದರೆ ಇಲ್ಲಿನ ಮತದಾರ ಯಾವ ಸಿದ್ಧಾಂತಕ್ಕೂ ಶಾಶ್ವತವಾಗಿ ಸಹಿ ಹಾಕಿಲ್ಲ. ಬೆಳೆಗಾರನ ಸಂಕಟಕ್ಕೆ ಯಾರು ಹೆಸರು ಕೊಡುತ್ತಾರೋ ಅವರ ಕಡೆ ಕಿವಿಗೊಡುತ್ತಾನೆ.

ಆ ಸಂಕಟ ನಿಜವಾದದ್ದು. ಎಲೆಚುಕ್ಕೆ ರೋಗ ತೋಟಗಳನ್ನು ಒಣಗಿಸುತ್ತಿದೆ. ಪಶ್ಚಿಮಘಟ್ಟದ ಪರಿಸರ ಸೂಕ್ಷ್ಮ ಪ್ರದೇಶ ಗುರುತಿಸುವ ಕಸ್ತೂರಿರಂಗನ್ ವರದಿಯ ಕರಡು ಅಧಿಸೂಚನೆ 2014ರಿಂದ ಮತ್ತೆ ಮತ್ತೆ ಬರುತ್ತಲೇ ಇದೆ. ಕರ್ನಾಟಕದ 20,668 ಚದರ ಕಿಲೋಮೀಟರ್ ಅದರ ವ್ಯಾಪ್ತಿಯಲ್ಲಿದೆ. ಗಡಿ ದಾಟಿ ಬರುವ ಅಡಿಕೆಯ ಮಾತಂತೂ ಎಲ್ಲಕ್ಕಿಂತ ಹೆಚ್ಚು ಪಾಠ ಕಲಿಸುವಂಥದ್ದು. 2022ರ ಸೆಪ್ಟೆಂಬರಿನಲ್ಲಿ ಭೂತಾನಿನಿಂದ 17,000 ಟನ್ ಹಸಿ ಅಡಿಕೆಯನ್ನು ಕನಿಷ್ಠ ಆಮದು ದರದ ಷರತ್ತಿಲ್ಲದೆ ತರಲು ಕೇಂದ್ರವೇ ಅನುಮತಿ ಕೊಟ್ಟಿತು. ಬೆಳೆಗಾರರು ಕೂಗೆಬ್ಬಿಸಿದ ಮೇಲೆ 2023ರ ಫೆಬ್ರವರಿಯಲ್ಲಿ ಆಮದು ದರವನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ನಮ್ಮ ಬದುಕನ್ನು ನಿಜವಾಗಿ ಅಲ್ಲಾಡಿಸಬಲ್ಲ ಗಡಿ ಇದು, ಸರಕಿನ ಗಡಿ. ಇದರ ಬಗ್ಗೆ ಮ್ಯಾಮ್ಕೋಸ್‌ನಂಥ ಸಹಕಾರಿ ಸಂಸ್ಥೆಗಳ ಸಭೆಯಲ್ಲಿ ಚರ್ಚೆ ನಡೆಯುತ್ತದೆ; ವಾಟ್ಸ್‌ಆ್ಯಪಿನಲ್ಲಿ ಹರಿದಾಡುವುದು ಮಾತ್ರ ಕೂಲಿಯವನ ಆಧಾರ್ ಕಾರ್ಡಿನ ಚರ್ಚೆ.

ಭದ್ರತೆಯ ವಾದವನ್ನು ತಳ್ಳಿಹಾಕುವಂತಿಲ್ಲ. ಯಾರು ಎಲ್ಲಿಂದ ಬಂದಿದ್ದಾರೆಂದು ಊರಿಗೆ ಗೊತ್ತಿರಬೇಕು ಎಂಬುದು ನ್ಯಾಯವಾದ ಮಾತು. ಒಂಟಿ ಮನೆಗಳ ಸೀಮೆಯಲ್ಲಿ ವಯಸ್ಸಾದವರಿಬ್ಬರೇ ಇರುವ ಮನೆಯ ಹೆದರಿಕೆಯನ್ನು ಪೇಟೆಯಲ್ಲಿ ಕುಳಿತು ಹೀಗಳೆಯಬಾರದು. ಆದರೆ ದಾಖಲೆ ತಪಾಸಣೆಯಿಂದ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಕ್ಕೆ ನಮ್ಮಲ್ಲೇ ನಿದರ್ಶನವಿದೆ. 2022ರ ನವೆಂಬರ್ 19ರಂದು ಮಂಗಳೂರಿನಲ್ಲಿ ಆಟೊದೊಳಗೆ ಕುಕ್ಕರ್ ಸಿಡಿದ ಪ್ರಕರಣದ ಆರೋಪಿ ತೀರ್ಥಹಳ್ಳಿಯ ಯುವಕ, ಹೊರಗಿನಿಂದ ಬಂದವನಲ್ಲ. ಪೊಲೀಸರು ಹೇಳಿದಂತೆ ಅವನ ಬಳಿ ಇದ್ದದ್ದು ಬೇರೊಬ್ಬರು ಕಳೆದುಕೊಂಡ ಆಧಾರ್ ಕಾರ್ಡು. ಆ ಒಬ್ಬನಿಂದ ಈ ಊರಿನ ಒಂದಿಡೀ ಸಮುದಾಯವನ್ನು ಪರಕೀಯರಂತೆ ನೋಡಲು ಹೊರಟರೆ ಅದು ಅನ್ಯಾಯ. ಇನ್ನು ಅಸ್ಸಾಮಿನಿಂದ ಬಂದ ಹುಡುಗನಿಗೂ ಅದಕ್ಕೂ ಏನೇನೂ ಸಂಬಂಧವಿಲ್ಲ. ಸಂಶಯವೊಂದನ್ನೇ ಹಿಡಿದು ಕಾರ್ಯಾಚರಣೆಗೆ ಇಳಿದರೆ ಏನಾಗುತ್ತದೆಂದು 2020ರ ಜನವರಿಯಲ್ಲಿ ಬೆಂಗಳೂರಿನ ಕರಿಯಮ್ಮನ ಅಗ್ರಹಾರ ತೋರಿಸಿತು. ಬಾಂಗ್ಲಾದವರ ಗುಡಿಸಲುಗಳೆಂದು ಕೆಡವಿದಾಗ ಬೀದಿಗೆ ಬಿದ್ದವರಲ್ಲಿ ಉತ್ತರ ಕರ್ನಾಟಕದ ಕನ್ನಡಿಗರೂ ಇದ್ದರು. ಹೈಕೋರ್ಟು ಆ ಕ್ರಮವನ್ನು ಒಪ್ಪಲಿಲ್ಲ.

ಕನ್ನಡದ ಹೆಸರಿನಲ್ಲಿ ನಡೆಯುವ ವಾದ ಇದಕ್ಕಿಂತ ಬೇರೆ, ಎರಡನ್ನೂ ಕಲಸಬಾರದು. 1980ರ ದಶಕದ ಸರೋಜಿನಿ ಮಹಿಷಿ ವರದಿಯಿಂದ 2024ರ ಜುಲೈನ ಮಸೂದೆಯವರೆಗೆ ಅದರ ಬೇಡಿಕೆ ಕೆಲಸದಲ್ಲಿ ಸ್ಥಳೀಯರಿಗೆ ಪಾಲು. ಆಡಳಿತ ಹುದ್ದೆಗಳಲ್ಲಿ ಶೇ. 50, ಉಳಿದವುಗಳಲ್ಲಿ ಶೇ. 70 ಎಂದು ಸಂಪುಟ ಒಪ್ಪಿದ್ದ ಆ ಮಸೂದೆಯನ್ನು ಉದ್ಯಮಿಗಳ ವಿರೋಧದ ನಂತರ ಕಾಂಗ್ರೆಸ್ ಸರ್ಕಾರವೇ ತಡೆಹಿಡಿಯಿತು. ಕನ್ನಡ ಸಂಘಟನೆಗಳಿಗೆ ಹಿಂದಿ ಮಾತಾಡುವ ಬಿಹಾರದ ಹಿಂದೂ ಹೊರಗಿನವನು. ಹಿಂದುತ್ವದ ವೇದಿಕೆಗೆ ಅವನು ನಮ್ಮವನು, ಬಂಗಾಳಿ ಮಾತಾಡುವ ಮುಸ್ಲಿಮ್ ಹೊರಗಿನವನು. ಇಬ್ಬರೂ ಒಂದೇ ಶೆಡ್ಡಿನಲ್ಲಿ ಮಲಗಿ, ಒಂದೇ ಒಲೆಯಲ್ಲಿ ಅನ್ನ ಬೇಯಿಸಿಕೊಳ್ಳುತ್ತಿರುತ್ತಾರೆ. ಕನ್ನಡದ ವಾದದ ಮೇಲೆ ನನಗೆ ಹೆಚ್ಚು ಒಲವಿದೆ, ಏಕೆಂದರೆ ಅದರಲ್ಲಿ ಒಳಗೆ ಬರಲು ಬಾಗಿಲಿದೆ: ಭಾಷೆ ಕಲಿತವನು ನಮ್ಮವನಾಗಬಹುದು. ಹುಟ್ಟನ್ನೂ ಧರ್ಮವನ್ನೂ ಕಲಿಯಲು ಬರುವುದಿಲ್ಲ. ಕುಪ್ಪಳಿಯಲ್ಲಿ ಬೆಳೆದ ಕವಿ ಕುವೆಂಪು ಕನ್ನಡವನ್ನು ಅಷ್ಟು ಗಾಢವಾಗಿ ಹಚ್ಚಿಕೊಂಡೂ ವಿಶ್ವಮಾನವ ಸಂದೇಶ ಕೊಟ್ಟದ್ದು ಈ ಬಾಗಿಲನ್ನು ತೆರೆದಿಡಲು. ಮೇಳಿಗೆಯ ಯು.ಆರ್. ಅನಂತಮೂರ್ತಿ ಕೊನೆಯ ದಿನಗಳಲ್ಲಿ ‘ಹಿಂದುತ್ವ ಅಥವಾ ಹಿಂದ್ ಸ್ವರಾಜ್’ ಬರೆದು ಎತ್ತಿದ ಪ್ರಶ್ನೆಯೂ ದೇಶವನ್ನು ಯಾವ ರೀತಿ ಪ್ರೀತಿಸಬೇಕು ಎಂಬುದೇ. ತೀರ್ಥಹಳ್ಳಿ ತಾಲ್ಲೂಕೊಂದರಿಂದಲೇ ಇಷ್ಟು ದೊಡ್ಡ ಚಿಂತನೆ ಹೊರಟಿರುವಾಗ ನಾವು ಈ ಚರ್ಚೆಯನ್ನು ಬೇರೆಯವರ ಘೋಷಣೆಗಳಲ್ಲಿ ನಡೆಸಬೇಕಾಗಿಲ್ಲ.

ಹೊರಗಿನವರ ಬಗ್ಗೆ ಮಾತಾಡುವವರು ಬಹುಪಾಲು ಮೌನವಾಗಿರುವ ಒಂದು ವಿಷಯವಿದೆ. 2020ರಲ್ಲಿ ಬಿಜೆಪಿ ಸರ್ಕಾರ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳನ್ನು ತೆಗೆದುಹಾಕಿತು. ಕೃಷಿಕನಲ್ಲದವನೂ ಈಗ ಕೃಷಿಭೂಮಿ ಕೊಳ್ಳಬಹುದು. ಕಾಗೋಡಿನ ಸತ್ಯಾಗ್ರಹಿಗಳು ಜೈಲಿಗೆ ಹೋಗಿ ತಂದುಕೊಟ್ಟ ‘ಉಳುವವನಿಗೆ ಭೂಮಿ’ ಎಂಬ ತತ್ವಕ್ಕೆ ಇದಕ್ಕಿಂತ ದೊಡ್ಡ ಪೆಟ್ಟು ಬಿದ್ದಿಲ್ಲ. 2025ರ ಜುಲೈ 14ರಂದು ಶರಾವತಿ ಹಿನ್ನೀರಿನ ಮೇಲಿನ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಅರವತ್ತು ವರ್ಷ ಲಾಂಚಿಗೆ ಕಾದ ಕರೂರು ಹೋಬಳಿಯ ಜನರಿಗೆ ಅದು ಬಹಳ ತಡವಾಗಿ ಸಿಕ್ಕ ನ್ಯಾಯ. ಅದೇ ಸೇತುವೆಯ ಮೇಲೆ ಜಾಗ ನೋಡುವವರ ಕಾರುಗಳೂ ಬರುತ್ತವೆ. ಹಣ ಹಿಡಿದು ಬಂದು ಗುಡ್ಡ ಕೊಂಡು ರೆಸಾರ್ಟ್ ಕಟ್ಟುವವನ ಬಳಿ, ಗದ್ದೆ ಗುತ್ತಿಗೆ ಹಿಡಿದು ಶುಂಠಿ ಹಾಕಿ ಮಣ್ಣಿಗೆ ವಿಷವುಣಿಸಿ ಹೋಗುವವನ ಬಳಿ ಯಾರೂ ಅಜ್ಜನ ದಾಖಲೆ ಕೇಳುವುದಿಲ್ಲ. ಊರಿನ ಚಹರೆ ಬದಲಿಸುವ ಶಕ್ತಿ ಇರುವುದು ಅವರಿಗೆ. ಬಸಿಗಾಲುವೆ ತೋಡಿ ಸಂಜೆ ಕೂಲಿ ಪಡೆದು ಹೋಗುವವನಿಗಲ್ಲ.

ಎಡಪಂಥೀಯ ಮತ್ತು ಉದಾರವಾದಿ ಬರವಣಿಗೆಯೂ ಇಲ್ಲಿ ಸೋತಿದೆ. ಸಂವಿಧಾನದ 19ನೆಯ ವಿಧಿ ದೇಶದ ಎಲ್ಲಿಯಾದರೂ ಓಡಾಡುವ, ನೆಲೆಸುವ ಹಕ್ಕು ಕೊಟ್ಟಿದೆ ಎಂದು ಹೇಳಿ ಅದು ಕೈತೊಳೆದುಕೊಳ್ಳುತ್ತದೆ. ಹಕ್ಕು ಕಾಗದದಲ್ಲಿದ್ದರೆ ಸಾಲದು. ಅಂತರರಾಜ್ಯ ವಲಸೆ ಕಾರ್ಮಿಕರ ಕಾಯ್ದೆ ಬಂದದ್ದು 1979ರಲ್ಲಿ. ಗುತ್ತಿಗೆದಾರ ಪರವಾನಗಿ ಪಡೆಯಬೇಕು, ಕಾರ್ಮಿಕನ ಹೆಸರು ಪುಸ್ತಕದಲ್ಲಿರಬೇಕು, ವಸತಿ, ಪ್ರಯಾಣಭತ್ಯೆ ಕೊಡಬೇಕು ಎಂದು ಅದು ಹೇಳಿತ್ತು. ಅದನ್ನು ನಮ್ಮ ತಾಲ್ಲೂಕುಗಳಲ್ಲಿ ಗಂಭೀರವಾಗಿ ಜಾರಿ ಮಾಡಿದ್ದರೆ ಊರಿಗೆ ಬಂದವರು ಯಾರೆಂಬ ಲೆಕ್ಕ ಕಾರ್ಮಿಕ ಇಲಾಖೆಯಲ್ಲಿ ಇರುತ್ತಿತ್ತು, ಬೀದಿಯ ಯುವಕರ ಗುಂಪು ಅದನ್ನು ಕೇಳುವ ಪ್ರಸಂಗವೇ ಬರುತ್ತಿರಲಿಲ್ಲ. ತೋಟದ ಮಾಲೀಕರಾದ ನಾವೂ ಇದನ್ನು ಬಯಸಲಿಲ್ಲ. ಲೆಕ್ಕಕ್ಕೆ ಸಿಗದ ಆಳು ಅಗ್ಗ. ಮರದಿಂದ ಬಿದ್ದರೆ ಪರಿಹಾರ ಕೊಡಬೇಕಾಗಿಲ್ಲ, ಹಂಗಾಮು ಮುಗಿದರೆ ಹೇಳಕೇಳದೆ ಕಳಿಸಬಹುದು. ಅವನು ಸಂಶಯಕ್ಕೆ ಗುರಿಯಾದಷ್ಟೂ ಕೂಲಿ ಕೇಳುವ ದನಿ ತಗ್ಗುತ್ತದೆ, ಆ ತಗ್ಗಿದ ದನಿಯ ಲಾಭ ನಮ್ಮ ಅಂಗಳಕ್ಕೇ ಬಂದು ಬೀಳುತ್ತದೆ.

ಮಾಡಬೇಕಾದದ್ದು ಕಷ್ಟದ್ದೇನಲ್ಲ, ಮನಸ್ಸು ಬೇಕು. ಏಜೆಂಟರ ನೋಂದಣಿ, ಪಂಚಾಯ್ತಿಯಲ್ಲಿ ಕಾರ್ಮಿಕರ ಪುಸ್ತಕ, ಅಪಘಾತ ವಿಮೆ, ಜೊತೆಗೆ ಬಂದ ಮಕ್ಕಳಿಗೆ ಊರಿನ ಕನ್ನಡ ಶಾಲೆಯಲ್ಲಿ ಜಾಗ. ಮಕ್ಕಳಿಲ್ಲದೆ ಮುಚ್ಚುವ ಹಂತದಲ್ಲಿರುವ ಮಲೆನಾಡಿನ ಶಾಲೆಗಳಿಗೆ ಈ ಕೊನೆಯದರಿಂದ ಉಪಕಾರವೇ ಆಗುತ್ತದೆ. ಇನ್ನೊಂದು ಕಡೆ, ಶರಾವತಿ, ಚಕ್ರಾ, ವಾರಾಹಿ ಸಂತ್ರಸ್ತರಿಗೆ ಕೇಂದ್ರದ ಒಪ್ಪಿಗೆಯೊಂದಿಗೆ ಹಕ್ಕುಪತ್ರ. ಪ್ರತಿ ಚುನಾವಣೆಯಲ್ಲೂ ಎಲ್ಲ ಪಕ್ಷಗಳೂ ಇದನ್ನು ಕೊಡುತ್ತೇವೆಂದು ಹೇಳಿವೆ. ಮುಂದಿನ ಸಲ ಮತ ಕೇಳಲು ಬಂದವರು ಬಾಂಗ್ಲಾದೇಶದ ಮಾತೆತ್ತಿದರೆ ಮೊದಲು ಈ ಹಕ್ಕುಪತ್ರದ ಕಡತ ಎಲ್ಲಿಯವರೆಗೆ ಬಂತು ಎಂದು ಕೇಳಬೇಕು, ಉತ್ತರ ಬರುವವರೆಗೂ ಕೇಳುತ್ತಲೇ ಇರಬೇಕು.